ಮುಕ್ಕಾಲು ಮಗ್ಗಿಯ ಮಂತ್ರ

ನಿಧಿಯಾಸೆಗೆ ಬಿದ್ದ ಲಾರಿ ಮಾಲೀಕನೊಬ್ಬನ ಕಥೆ ಹೇಳುವ ನಮ್ಮ ಹೆದರಿಕೆಯ ಸಿನಿಮಾದ ಹನ್ನೆರಡು ನಿಮಿಷದ ತುಣುಕನ್ನು ಮೊದಲ ಸಲ ತೋರಿಸಿದ್ದು ಗಂಗಾವತಿಯ ನನ್ನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ, ಗೋಡೆಗೆ ಬಿಳಿ ಧೋತರ ಕಟ್ಟಿ. ನೋಡೋಕೆ ಬಂದವರು ಒಂಬತ್ತು ಮಂದಿ. ಅವರಲ್ಲಿ ನಮ್ಮ ಲೈಟ್ ಹುಡುಗನ ತಾತನೂ ಒಬ್ಬರು. ಜೀವಮಾನವೆಲ್ಲ ಗದ್ದೆಗೆ ರಾತ್ರಿ ನೀರು ಕಟ್ಟಿದ ಮನುಷ್ಯ. ತೆರೆಯ ಮೇಲೆ ಅಮಾವಾಸ್ಯೆಯ ಸರಿರಾತ್ರಿ. ಲಾರಿ ಮಾಲೀಕ ಹಾರೆ ಹೊತ್ತು ಗುಡ್ಡ ಹತ್ತುತ್ತಿದ್ದಾನೆ, ಬಂಡೆಗಳ ಮೇಲೆಲ್ಲ ತಣ್ಣನೆ ನೀಲಿ ಬೆಳಕು. ನನಗಂತೂ ಅದನ್ನು ನೋಡಿದಾಗೆಲ್ಲ ಮೈ ಜುಮ್ಮೆನ್ನುತ್ತಿತ್ತು. ತಾತ ಬೀಡಿ ನೆಲಕ್ಕೊತ್ತಿ ಆರಿಸಿ ಕೇಳಿದರು:

"ಅಲ್ಲಪ್ಪಾ, ಅಮಾಸಿ ಅಂತೀರಿ. ಬೆಳ್ದಿಂಗಳು ಎಲ್ಲಿಂದ ಬಂತು?"

ಉಳಿದ ಎಂಟು ಮಂದಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹೆದರುವವರು ಯಾರು? ಒಂದು ಸಲ ನಕ್ಕವರು ಮುಂದಿನ ಎಂಟು ನಿಮಿಷವೂ ನಗುತ್ತಲೇ ಇದ್ದರು, ಮಂತ್ರವಾದಿ ಕಣ್ಣು ಬಿಟ್ಟಾಗಲೂ.

ಆ ದೃಶ್ಯವನ್ನು ನಾವು ತೆಗೆದದ್ದು ಮಟಮಟ ಮಧ್ಯಾಹ್ನ. ಹಗಲನ್ನು ರಾತ್ರಿ ಮಾಡುವ ಹಳೇ ಉಪಾಯ ಅದು. ಚಿತ್ರಕ್ಕೆ ನೀಲಿ ಛಾಯೆ ಬರುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಬೇಕು, ಎರಡು ಸ್ಟಾಪ್, ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿಯುವಷ್ಟು, ಕತ್ತಲು ಮಾಡಬೇಕು, ಸೂರ್ಯ ಪಾತ್ರದ ಬೆನ್ನಿಗೆ ಬರುವಂತೆ ನಿಲ್ಲಿಸಬೇಕು, ಆಕಾಶ ಫ್ರೇಮಿಗೆ ಬರಬಾರದು. ಬಿಸಿಲು ಬೆಳದಿಂಗಳಾಗುತ್ತದೆ. ಜನರೇಟರ್ ಬಾಡಿಗೆ ಉಳಿಯುತ್ತದೆ. ಪಟ್ಟಣದ ನೋಡುಗರು ಇದನ್ನು ಒಪ್ಪಿಕೊಂಡುಬಿಟ್ಟಿದ್ದಾರೆ, ಅವರಿಗೆ ರಾತ್ರಿ ಅಂದರೆ ನೀಲಿ. ಅಮಾವಾಸ್ಯೆ ರಾತ್ರಿಯಲ್ಲಿ ನಿಜವಾಗಿ ನಡೆದಾಡಿದವನ ಮುಂದೆ ಈ ಆಟ ನಡೆಯುವುದಿಲ್ಲ.

ಆ ಭಾಗ ಪೂರ್ತಿ ಕಿತ್ತು ಹಾಕಿದೆ. ನಾಲ್ಕು ದಿನದ ಕೆಲಸ.

ನಾನು ಮದುವೆ ವಿಡಿಯೊದವನು. 2006ರಿಂದ ಇದೇ ಕಸುಬು. ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿಲ್ಲ. ನನಗೆ ಲೈಟಿಂಗ್ ಕಲಿಸಿದ್ದು ಬಂಗಾರ. ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಹೊಸಪೇಟೆ, ಸಂಡೂರು, ಬಳ್ಳಾರಿ ಕಡೆಯ ಮದುವೆಗಳಿಗೆ ಕರೆ ಬಂದರೆ ಮೊದಲ ಮಾತೇ, "ಸಾಮಾನು ಚೆಂದ ಬರಬೇಕ್ರಿ" ಅಂತ. ಸಾಮಾನು ಅಂದರೆ ಒಡವೆ. ತಾಳಿ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಡಾಬು, ವಂಕಿ, ಅವಲಕ್ಕಿ ಸರದ ಮೇಲೆ ಕ್ಯಾಮೆರಾ ಹಿಡಿದಿದ್ದೇನೆ. ಹಾಗೆ ಹಿಡಿದವರ ಮನೆಗಳಲ್ಲಿ ಅನೇಕರು ಲಾರಿ ಇಟ್ಟವರು. ಒಂದಿದ್ದದ್ದು ಮೂರಾಗಿತ್ತು, ಮೂರಿದ್ದದ್ದು ಎಂಟು. ಎಲ್ಲ ಸಾಲದ ಮೇಲೆ. ಚೀನಾಕ್ಕೆ ಅದಿರು ಹೋಗುತ್ತಿತ್ತು, ಕಂತು ತಾನಾಗಿ ತೀರುತ್ತಿತ್ತು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದೇ ದಸರೆಯ ಹೊತ್ತಿಗೆ ರಸ್ತೆಬದಿಯಲ್ಲಿ ಸಾಲಾಗಿ ನಿಂತ ಲಾರಿಗಳ ಚಕ್ರದ ಸಂದಿಯಲ್ಲಿ ಜಾಲಿ ಗಿಡ ಎದ್ದಿದ್ದವು.

ನನ್ನ ಸಿನಿಮಾದ ನಾಯಕ ಅಂಥ ಒಬ್ಬ. ಮೂರು ಲಾರಿ, ಮೂರಕ್ಕೂ ಸಾಲ, ಒಂದು ರಾತ್ರಿಗೆ ಎಲ್ಲ ನಿಂತುಹೋದದ್ದು. ಅವನಿಗೆ ಯಾರೋ ಹೇಳುತ್ತಾರೆ: ಅಜ್ಜನ ಹೊಲದ ಗುಂಡುಕಲ್ಲಿನ ಕೆಳಗೆ ಕೊಪ್ಪರಿಗೆ ಐತಿ, ಅಂಜನ ಹಾಕಿ ನೋಡೋರು ಒಬ್ಬರಿದ್ದಾರೆ.

ಕಥೆ ಬರೆಯೋದು ಸುಲಭ ಅಂದುಕೊಂಡಿದ್ದೆ. ನಮ್ಮ ಕಡೆ ನಿಧಿಯ ಕಥೆಗೆ ಬರವೇ? ವಿಜಯನಗರ ಬಿದ್ದಾಗ ಆನೆಗಳ ಮೇಲೆ ಹೇರಿಕೊಂಡು ಹೋದದ್ದರಲ್ಲಿ ಉಳಿದದ್ದೆಲ್ಲ ನಮ್ಮ ಗುಡ್ಡಗಳಲ್ಲೇ ಹೂತಿದೆ ಎಂದು ನಂಬದ ಊರು ತುಂಗಭದ್ರೆಯ ಈ ದಂಡೆಯಲ್ಲಿ ಇಲ್ಲ. ಕಾಲು ಮುಂದಾಗಿ ಹುಟ್ಟಿದ ಮಗುವಿಗೆ ನೆಲದೊಳಗಿನದು ಕಾಣುತ್ತದೆ ಅನ್ನುವವರು, ಎರಡು ತಲೆ ಹಾವು ಮನೆಯಲ್ಲಿದ್ದರೆ ದುಡ್ಡು ಹೊಳೆಯಾಗಿ ಬರುತ್ತದೆ ಅನ್ನುವವರು, ಇಪ್ಪತ್ತು ಉಗುರಿನ ಆಮೆ ಹುಡುಕುವವರು, ಅಕ್ಕಿಕಾಳು ಎಳೆಯುವ ತಾಮ್ರದ ಚೆಂಬಿಗೆ ಲಕ್ಷಗಟ್ಟಲೆ ಸುರಿದವರು, ಎಲ್ಲರನ್ನೂ ಚಹಾದ ಅಂಗಡಿಯಲ್ಲೇ ಕೂತು ಭೇಟಿ ಮಾಡಬಹುದು. (ಎರಡು ತಲೆ ಹಾವು ಅಂದರೆ ಪಾಪದ ಮಣ್ಣುಮುಕ್ಕ. ಬಾಲ ಮೊಂಡಾಗಿರುವುದರಿಂದ ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಹಿಡಿದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜೈಲು.) ಇದು ಬರೀ ಹರಟೆಯೂ ಅಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಹಾಕಿದ್ದರು. ಕೃಷ್ಣದೇವರಾಯನ ರಾಜಗುರುವಿನ ಬೃಂದಾವನ. ನನ್ನ ಮೊದಲ ಕರಡಿನಲ್ಲಿ ಇವೆಲ್ಲವೂ ಇದ್ದವು: ಹಾವು, ಆಮೆ, ಮಗು, ಚೆಂಬು, ಮೇಲೆ ಒಂದು ಉದ್ದ ಕೂದಲಿನ ಹೆಂಗಸು. ಓದಿದ ಗೆಳೆಯ, "ಜಾತ್ರಿ ಆಗ್ಯಾದ" ಅಂದ.

ದಾರಿ ತೋರಿಸಿದವರು ಒಬ್ಬ ಪತ್ತಾರರು, ಅಂದರೆ ಅಕ್ಕಸಾಲಿಗರು. ಮದುವೆ ಗಿರಾಕಿಗಳಿಂದಾಗಿ ಪರಿಚಯ. ಸಿನಿಮಾಕ್ಕೆ ಹಿತ್ತಾಳೆಯಲ್ಲಿ ನಾಣ್ಯ ಮಾಡಿಕೊಡಿ ಎಂದು ಹೋಗಿದ್ದೆ, ಐದು ರೂಪಾಯಿ ಬಿಲ್ಲೆಯ ಗಾತ್ರದ ಮಾದರಿ ಬರೆದುಕೊಂಡು. ಅವರು ಕನ್ನಡಕದ ಮೇಲಿಂದ ನೋಡಿದರು.

"ಇದು ಯಾವ ಊರಿನ ಹೊನ್ನು?"

"ವಿಜಯನಗರದ ವರಾಹ ರೀ ಕಾಕಾ."

"ವರಾಹ ಇಷ್ಟು ದೊಡ್ಡದಿರ್ತಿತ್ತಾ? ಮೂರೂವರಿ ಗ್ರಾಂ ಒಳಗ ತೂಗ್ತದ. ಕಿರುಬೆರಳಿನ ಉಗುರು ನೋಡಕೋ."

ನಿಜ. ವರಾಹ ಸುಮಾರು 3.4 ಗ್ರಾಮಿನ ಪುಟ್ಟ ಬಿಲ್ಲೆ, ಒಂದು ಸೆಂಟಿಮೀಟರಿಗೆ ಕೊಂಚ ಹೆಚ್ಚು ಅಗಲ. ಸಿನಿಮಾಗಳಲ್ಲಿ ಗಲಗಲ ಸುರಿಯುವ ಬಿಸ್ಕತ್ತಿನಂಥ ನಾಣ್ಯ ನಮ್ಮ ನೆಲದ್ದಲ್ಲ. ಅಷ್ಟಕ್ಕೇ ಬಿಡಲಿಲ್ಲ ಅವರು. ಕೊಪ್ಪರಿಗೆ ಎಷ್ಟು ದೊಡ್ಡದು ಎಂದು ಕೇಳಿದರು. ನೀರಿನ ಕೊಡದಷ್ಟು ಎಂದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದರು. ಅಪ್ಪಟ ಬಂಗಾರ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ. ನಾಣ್ಯಗಳ ನಡುವಿನ ಸಂದು ಕಳೆದು, ಬೆರಕೆ ಕಳೆದು, ಹತ್ತು ಲೀಟರಿನ ಕೊಡಕ್ಕೆ ಒಂದು ಕ್ವಿಂಟಲ್ ಬಂತು.

"ನಿನ್ನ ಹೀರೋ ಇದನ್ನ ಬಗಲಾಗ ಇಟ್ಕೊಂಡು ಓಡ್ತಾನ ಅಂತ ಬರದೀಯಲ್ಲ. ಯಾವ ಗರಡಿ ಮನಿ ಹುಡುಗ?"

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಒಬ್ಬನಿಂದ ಎತ್ತಲಾಗದು ಅಂದರೆ ಇನ್ನೊಬ್ಬ ಬೇಕು. ಇನ್ನೊಬ್ಬ ಬಂದರೆ ಪಾಲು ಕೊಡಬೇಕು. ಪಾಲು ಕೊಟ್ಟರೆ ಸಾಲ ತೀರುವುದಿಲ್ಲ. ತಮ್ಮನನ್ನು ಕರೆದರೆ ಅವನ ಹೆಂಡತಿಗೆ ಗೊತ್ತಾಗುತ್ತದೆ. ಹಾವು, ಆಮೆ, ಕೂದಲಿನ ಹೆಂಗಸು ಯಾರೂ ಬೇಡವಾದರು. ಭೂತ ಬರುವ ಮೊದಲೇ ಕೊಲೆಯ ವಾಸನೆ ಆ ಸೀಮೆಸುಣ್ಣದ ಲೆಕ್ಕದಲ್ಲೇ ಇತ್ತು. ಬೆಳಗ್ಗೆದ್ದು ಹೊಸದಾಗಿ ಬರೆದೆ. ಈ ಸಲ ಅಂಜನದವನು ನರಬಲಿ ಕೇಳುವುದಿಲ್ಲ. "ನಿನ್ನ ಕಿರ್ದಿ ಪುಸ್ತಕ ತಗೊಂಡು ಬಾ" ಅನ್ನುತ್ತಾನೆ. "ಸಾಲ ಒಂದು ಕಡಿ ಬರಿ. ಇನ್ನೊಂದು ಕಡಿ ಮನ್ಯಾಗ ಅನ್ನ ಉಣ್ಣೋರ ಹೆಸರು ಬರಿ." ಅಷ್ಟೇ. ಒಂದೊಂದು ಬೆಳಗ್ಗೆ ಒಂದೊಂದು ಹೆಸರಿನ ಮೇಲೆ ಗೀಟು ಬಿದ್ದಿರುತ್ತದೆ, ಎದುರಿನ ಸಾಲದಲ್ಲಿ ಒಂದು ಮೊತ್ತ ಇಳಿದಿರುತ್ತದೆ. ಗೀಟು ಎಳೆದವರು ಯಾರು ಎಂಬುದನ್ನು ಸಿನಿಮಾ ಕೊನೆವರೆಗೂ ತೋರಿಸುವುದಿಲ್ಲ.

ಅಂಜನದವನ ಪಾತ್ರಕ್ಕೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು, ಹರೆಯದಲ್ಲಿ ದೊಡ್ಡಾಟದ ಪಾತ್ರಧಾರಿ. ಮಂತ್ರಕ್ಕೆ ಏನು ಮಾಡುವುದು ಎಂಬ ತಕರಾರು ಅವರೇ ತೆಗೆದರು. ನಿಜವಾದ ಮಂತ್ರ ಬಾಯಲ್ಲಿ ಹೇಳಲು ಅವರು ಒಪ್ಪರು, "ನಾಳೆ ಏನಾರ ಹೆಚ್ಚುಕಮ್ಮಿ ಆದ್ರ?" ಅಂತ. ನನಗೂ ಬೇಕಿರಲಿಲ್ಲ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ನಿಧಿಗಾಗಿ ನಡೆಸುವ ಇಂಥ ಆಚರಣೆ ಅದರಲ್ಲಿ ಅಪರಾಧ, ಆಚರಣೆಗೆ ಪ್ರಚಾರ ಕೊಡುವುದೂ ಸಹ. ಮಾಡುವ ಬಗೆಯನ್ನು ಕಲಿಸಿಕೊಡುವಂಥ ಒಂದೇ ಒಂದು ಶಾಟ್ ಇರಬಾರದು ಎಂದು ಗೆಳೆಯ ವಕೀಲರು ಮೊದಲೇ ಗೆರೆ ಕೊಯ್ದಿದ್ದರು. ಹಾಗಾದರೆ ಬಾಯಲ್ಲಿ ಏನು ಗುಣುಗುವುದು?

ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಣ್ಣು ಮುಚ್ಚಿ, ಗಂಟಲ ತಳದಿಂದ ಎತ್ತಿದರು:

"ಮುಕ್ಕಾಲೊಂದ್ಲ ಮುಕ್ಕಾಲು... ಮುಕ್ಕಾಲೆರಡ್ಲ ಒಂದೂವರೆ... ಮುಕ್ಕಾಲ್ಮೂರ್ಲ ಎರಡೂಕಾಲು... ಮುಕ್ಕಾಲ್ನಾಕ್ಲ ಮೂರು..."

ಮುಕ್ಕಾಲು ಮಗ್ಗಿ. ಸಾಲಿಯಲ್ಲಿ ಐಗಳು ಬಾರಿಸಿ ಕಲಿಸಿದ್ದು. ಕ್ಯಾಲ್ಕುಲೇಟರ್ ಬಂದಮೇಲೆ ನಮ್ಮ ತಲೆಮಾರಿನವರ ಕಿವಿಗೆ ಬೀಳದೇ ಹೋದದ್ದು. ಸೆಟ್ಟಿನಲ್ಲಿದ್ದ ಹುಡುಗರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಲೈಟ್ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಅರವತ್ತು ದಾಟಿದ ನೋಡುಗರಿಗೆ ಮಾತ್ರ ಅದು ಮಗ್ಗಿ ಎಂದು ಹೊಳೆಯುತ್ತದೆ. ಅವರು ನಗುವುದಿಲ್ಲ, ಇನ್ನಷ್ಟು ಮುದುಡಿಕೊಳ್ಳುತ್ತಾರೆ. ಬಡ್ಡಿ ಸಾಹುಕಾರರ ಕಟ್ಟೆ ನೆನಪಾಗುತ್ತದೆಂದು ಒಬ್ಬರು ಹೇಳಿದರು. ಇಡೀ ಸಿನಿಮಾದಲ್ಲಿ ನನ್ನದಲ್ಲದ, ನಾನು ಎಷ್ಟು ತಲೆ ಕೆಡಿಸಿಕೊಂಡಿದ್ದರೂ ಹೊಳೆಯದಿದ್ದ ಸಂಗತಿ ಇದು.

ನಿಧಿ ಕಾಯುವ ಯಕ್ಷನ ಬೊಂಬೆಗೆ ಕಿನ್ನಾಳಕ್ಕೆ ಹೋದೆ, ಕೊಪ್ಪಳದಿಂದ ಹತ್ತಿರವೇ. ಅಲ್ಲಿಯ ಚಿತ್ರಗಾರರು ಹಗುರ ಮರ ಕೆತ್ತಿ, ಅದರ ಮೇಲೆ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಸರಿ ಕಲಸಿ ಮೆತ್ತಿ ದೇವರ ಮೂರ್ತಿ ಮಾಡುತ್ತಾರೆ, ಬಣ್ಣ ಬರೆದರೆ ಕಲ್ಲೋ ಲೋಹವೋ ಎನ್ನುವಷ್ಟು ಗಟ್ಟಿಯಾಗಿ ಕಾಣುತ್ತದೆ. ನನ್ನ ಬೇಡಿಕೆ ಕೇಳಿ ಅವರು ಒಂದೇ ಷರತ್ತು ಹಾಕಿದರು: ಕಣ್ಣು ಬರೆಯುವುದಿಲ್ಲ. ಕಣ್ಣು ಬರೆದರೆ ಅದು ದೇವರಾಗುತ್ತದೆ, ದೇವರನ್ನು ಕೆಟ್ಟ ಕೆಲಸಕ್ಕೆ ಕೂರಿಸಬಾರದು. ಕಣ್ಣಿಲ್ಲದ ಯಕ್ಷನೇ ಬಂದ. ಅವನ ಮುಂದೆ ಇನ್ಯಾವ ಮೇಕಪ್ಪೂ ಬೇಕಾಗಲಿಲ್ಲ.

ಕೋಳಿಯ ವಿಷಯ ಬೇಗ ಮುಗಿಸುತ್ತೇನೆ. ಕರಡಿನಲ್ಲಿ ಕಪ್ಪು ಕೋಳಿ ಇತ್ತು. ಪ್ರಾಣಿಯನ್ನು ಸಿನಿಮಾದಲ್ಲಿ ತೋರಿಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗಿಗೆ ಮೊದಲೇ ಬೇಕು, ಇಲ್ಲದಿದ್ದರೆ ಸೆನ್ಸಾರಿನಲ್ಲಿ ಸಿಕ್ಕಿಬೀಳುತ್ತೀರಿ. ಕೋಳಿ ಬಿಟ್ಟು ಬರೀ ಬುಟ್ಟಿ ಇಟ್ಟೆವು. ಬುಟ್ಟಿಗೆ ಮೀನಿನ ಗಾಳದ ದಾರ ಕಟ್ಟಿ ಫ್ರೇಮಿನಾಚೆಯಿಂದ ಎಳೆದರೆ ಒಳಗೇನೋ ಮಿಸುಕಿದ ಹಾಗೆ ಆಗುತ್ತದೆ. ಹಾಗೆಯೇ ಹಂಪಿ, ಆನೆಗೊಂದಿಯ ಸಂರಕ್ಷಿತ ಸ್ಮಾರಕಗಳ ಕಡೆ ಕ್ಯಾಮೆರಾ ಒಯ್ಯಲೇ ಇಲ್ಲ. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸಿನಿಮಾ ತೆಗೆಯುವಂತಿಲ್ಲ, ನಿಧಿ ತೋಡುವ ದೃಶ್ಯಕ್ಕೆ ಅನುಮತಿ ಕೇಳುವ ಧೈರ್ಯ ನನಗಿರಲಿಲ್ಲ. ಪರಿಚಯದವರೊಬ್ಬರ ಹೊಲ, ಹೊಲದ ಅಂಚಿಗೆ ಗುಂಡುಗಳ ಗುಡ್ಡ. ಅಷ್ಟು ಸಾಕಾಯಿತು.

ಸಾಕಾಗಲಿಲ್ಲ, ನಿಜ ಹೇಳಬೇಕೆಂದರೆ. ಹೊಲದ ಯಜಮಾನರಿಗೆ ಹೇಳಿದ್ದೆ. ಊರಿಗೆ ಹೇಳಿರಲಿಲ್ಲ.

ಎರಡನೇ ಸಲ, ಈಗ ನಿಜವಾದ ಅಮಾವಾಸ್ಯೆ ರಾತ್ರಿ. ಹನ್ನೊಂದೂವರೆ. ಆಳೆತ್ತರದ ಗುಂಡಿ ತೋಡಿದ್ದೇವೆ. ಗುಂಡಿಯ ಸುತ್ತ ನಿಂಬೆಹಣ್ಣು, ಕುಂಕುಮ, ಹಾರೆ, ಸಲಿಕೆ. ಮೈತುಂಬ ವಿಭೂತಿ ಬಳಿದುಕೊಂಡು ಗುಮಾಸ್ತರು ಮುಕ್ಕಾಲು ಮಗ್ಗಿ ಹೇಳುತ್ತಿದ್ದಾರೆ. ಕಂದೀಲು ಬಿಟ್ಟರೆ ಬೆಳಕಿಲ್ಲ. ಬೆಳಕಿಲ್ಲದ್ದರಿಂದಲೇ ನಲವತ್ತು ಐವತ್ತು ಮಂದಿ ಬಡಿಗೆ ಹಿಡಿದು ತೀರ ಹತ್ತಿರ ಬರುವವರೆಗೂ ನಮಗೆ ಕಾಣಲಿಲ್ಲ. ಒಮ್ಮೆಗೇ ಟಾರ್ಚುಗಳು ಹತ್ತಿದವು.

"ಯಾವೂರವರಲೇ?"

"ಸಿನಿಮಾದವರು ರೀ ಯಣ್ಣಾ, ಸಿನಿಮಾ ತೆಗಿಯಾಕತ್ತೀವಿ."

"ಸಿನಿಮಾದಾಗ ಹೆಣ್ಮಕ್ಕಳೇ ಇಲ್ಲ?"

ಉತ್ತರ ಏನು ಕೊಡಲಿ? ಒಬ್ಬ ಹುಡುಗ, "ಕೋಳಿ ಎಲ್ಲಿ ಮುಚ್ಚಿಟ್ಟೀರಿ?" ಎಂದು ಬುಟ್ಟಿ ಎತ್ತಿದ. ಒಳಗೆ ಏನೂ ಇಲ್ಲ. ಬುಟ್ಟಿ ಮಾತ್ರ ದಾರದಿಂದ ಅಲ್ಲಾಡಿತು. ದಾರ ಹಿಡಿದಿದ್ದ ನಮ್ಮ ಹುಡುಗ ಗಾಬರಿಯಲ್ಲಿ ಎಳೆದಿದ್ದ. ಬುಟ್ಟಿ ಎತ್ತಿದವನು ಚೀರಿದ್ದು ನಮ್ಮ ಸಿನಿಮಾದ ಸೌಂಡ್ ರೆಕಾರ್ಡರಿನಲ್ಲಿ ಇನ್ನೂ ಇದೆ. ಅಲ್ಲಿಗೆ ನಮ್ಮ ಮೇಲಿನ ಅನುಮಾನ ಖಾತ್ರಿಯಾಯಿತು. ಕ್ಯಾಮೆರಾ ತೋರಿಸಿದೆ. "ಇವತ್ತು ನಿಧಿ ಕಳ್ಳರೂ ವಿಡಿಯೊ ಮಾಡ್ತಾರ" ಅಂದರು. ನನ್ನ ಕಾಲರ್ ಒಬ್ಬರ ಮುಷ್ಟಿಯಲ್ಲಿದ್ದಾಗ, ಗುಮಾಸ್ತರು ಇದ್ದಕ್ಕಿದ್ದಂತೆ ಎದ್ದು ಎದೆ ಸೆಟೆಸಿ ದುರ್ಯೋಧನನ ಪದವೊಂದನ್ನು ಏರುದನಿಯಲ್ಲಿ ಎತ್ತಿದರು. ಗುಂಪಿನ ಹಿಂದಿನಿಂದ ವಯಸ್ಸಾದ ಧ್ವನಿ: "ಏ, ಬಿಡ್ರಲೇ! ಇವರು ನಮ್ಮೂರಾಗ ಆಟ ಆಡಿದವರಲೇ!"

ಅಷ್ಟರಲ್ಲಿ ಪೊಲೀಸರೂ ಬಂದರು. ಬೆಳಗಿನ ಜಾವದವರೆಗೆ ಠಾಣೆಯ ಬೆಂಚು. ಕ್ಲ್ಯಾಪ್ ಬೋರ್ಡೂ ಚಿತ್ರಕಥೆಯ ಪ್ರತಿಯೂ ಇದ್ದದ್ದಕ್ಕೆ ಪಾರಾದೆವು. ಈ ಜಾತಿಯ ಸಿನಿಮಾ ಮಾಡುವವರು ಠಾಣೆಗೆ ಒಂದು, ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಮೊದಲೇ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿ ಜೇಬಲ್ಲಿಟ್ಟುಕೊಳ್ಳಬೇಕು. ಊರಲ್ಲಿ ಡಂಗುರ ಹೊಡೆಸಬೇಕು. ನಾವು ಹೊಡೆಸಿದ ಮೇಲೆ ಇನ್ನೊಂದು ಫಜೀತಿ, ಇನ್ನೂರು ಮಂದಿ ಚಾಪೆ ಹಾಸಿಕೊಂಡು ನೋಡಲು ಕೂತರು. ಬಡಿಗೆ ಹಿಡಿದು ಬಂದಿದ್ದ ಹುಡುಗರೇ ಅವರನ್ನು ಸುಮ್ಮನಿರಿಸುವ ಕೆಲಸಕ್ಕೆ ನಿಂತರು.

ಅವರು ಅಷ್ಟು ಸಿಟ್ಟಾಗಿದ್ದು ಯಾಕೆಂದು ಮರುದಿನ ತಿಳಿಯಿತು. ನಮ್ಮ ಹೊಲದಿಂದ ಕೂಗಳತೆ ದೂರದಲ್ಲಿ ಒಂದು ಹಾಳು ಗುಡಿ. ಅದರ ಪೀಠ ಎಬ್ಬಿಸಿ ತೋಡಿದ ಗುಂಡಿಯನ್ನು ಊರವರು ಕರೆದೊಯ್ದು ತೋರಿಸಿದರು, ಎರಡು ವರ್ಷದ ಹಿಂದಿನದು. ಒರಟೊರಟಾಗಿ ಅಗೆದಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಚೌಕ, ನಾಲ್ಕೂ ಮೂಲೆ ಮೂಲೆಮಟ್ಟ ಹಿಡಿದಂತೆ ನೆಟ್ಟಗೆ, ಮಣ್ಣನ್ನು ಒಂದೇ ಬದಿಗೆ ಅಚ್ಚುಕಟ್ಟಾಗಿ ಪೇರಿಸಿದ್ದಾರೆ. ತಳದಲ್ಲಿ ಗುಟ್ಕಾ ಚೀಟಿಗಳ ನಡುವೆ ತುಕ್ಕು ಹಿಡಿದ ಒಂದು ಅಳತೆ ಟೇಪು. ಮೈ ನಡುಗಿದ್ದು ನಿಂಬೆಹಣ್ಣು ನೋಡಿ ಅಲ್ಲ, ಆ ಟೇಪು ನೋಡಿ. ನಮ್ಮ ಗುಂಡಿ ಕಲಾತ್ಮಕವಾಗಿ ವಕ್ರವಕ್ರವಾಗಿತ್ತು. ಮುಚ್ಚಿಸಿ, ಚೌಕವಾಗಿ ಮತ್ತೆ ತೋಡಿಸಿದೆ. ಲಾರಿ ಮಾಲೀಕನ ಕೈಗೂ ಒಂದು ಟೇಪು ಕೊಟ್ಟೆ.

ಈಗ ಬೆಳಕು. ಕಂದೀಲಿನ ಗಾಜಿನ ಹಿಂದೆ ಬೆರಳಿನುದ್ದದ ಎಲ್‌ಇಡಿ ಬಚ್ಚಿಟ್ಟು, ಕಿತ್ತಳೆ ಬಣ್ಣದ ಹಾಳೆ ಸುತ್ತಿದೆವು. ಕತ್ತಲಲ್ಲೂ ಬೆಳಕು ಹಿಡಿಯುವಂತೆ ಕ್ಯಾಮೆರಾದ ಐಎಸ್‌ಒ 3200ಕ್ಕೆ ಏರಿಸಿದ್ದೆವು, ಲೆನ್ಸ್ 1.8ಕ್ಕೆ ಪೂರ್ತಿ ತೆರೆದಿತ್ತು. ಶಟರ್ ಸೆಕೆಂಡಿನ 1/50, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಊರಿನ ಬೀದಿದೀಪ ಹಿನ್ನೆಲೆಯಲ್ಲಿ ಬಂದರೂ ಮಿಣುಕುವುದಿಲ್ಲ. ಮುಖ ಬಂತು, ಮಣ್ಣು ಬಂತು, ಬೆವರು ಬಂತು. ಕೊಪ್ಪರಿಗೆಯ ಮುಚ್ಚಳ ತೆಗೆದರೆ ಬಂಗಾರ ಮಾತ್ರ ಬರಲಿಲ್ಲ. ಪತ್ತಾರರು ಪಾಲಿಶ್ ಹೊಡೆದು ಕೊಟ್ಟ ನಾಣ್ಯಗಳು ಕ್ಯಾಮೆರಾದಲ್ಲಿ ಕರ್ರಗೆ ಕಂಡವು, ಇದ್ದಿಲಿನ ಹಾಗೆ.

ನನಗೆ ಕಾರಣ ಗೊತ್ತಿತ್ತು. ಹೊಳಪಿನ ಲೋಹಕ್ಕೆ ತನ್ನದೇ ಬೆಳಕಿಲ್ಲ, ಅದು ಕನ್ನಡಿ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಮದುವೆಯಲ್ಲಿ ಒಡವೆಗೆ ನೇರ ಲೈಟು ಹೊಡೆಯದೆ ಎದುರಿಗೆ ಬಿಳಿ ಬಟ್ಟೆ ಹಿಡಿಸುವುದು ಅದಕ್ಕೇ. ಗುಂಡಿಯ ಎದುರಿಗಿದ್ದದ್ದು ಚಂದ್ರನಿಲ್ಲದ ಆಕಾಶ. ಕಪ್ಪು. ಬಟ್ಟೆ ತರಲು ಹುಡುಗನಿಗೆ ಹೇಳುವಷ್ಟರಲ್ಲಿ, ಚಾಪೆಯ ಮೇಲೆ ಕೂತಿದ್ದ ಒಬ್ಬ ಅವ್ವ ಮಾನಿಟರ್ ನೋಡಿ ಪಕ್ಕದವಳಿಗೆ ಪಿಸುಗುಟ್ಟಿದಳು: "ನೋಡಬೇ, ಅವನಿಗೆ ಋಣ ಇಲ್ಲ. ಇದ್ದಿಲಾಗ್ಯಾವ."

ಋಣ ಇಲ್ಲದವರಿಗೆ ನಿಧಿ ಇದ್ದಿಲಾಗಿ ಕಾಣುತ್ತದೆ. ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿದ ಮಾತು! ನನ್ನ ತಲೆಗೆ ಬಂದೇ ಇರಲಿಲ್ಲ. ತಂದ ಧೋತರವನ್ನು ಇಬ್ಬರು ಹುಡುಗರ ಕೈಗೆ ಕೊಟ್ಟು, ಕ್ಯಾಮೆರಾದ ಮೇಲ್ಗಡೆ ಫ್ರೇಮಿಗೆ ಬಾರದಂತೆ ಹಿಡಿಸಿದೆ. ಇನ್ನೊಂದು ಕಂದೀಲಿನ ಬೆಳಕು ಅದರ ಮೇಲೆ ಬೀಳುವಂತೆ ಇಟ್ಟೆ. ಧೋತರ ಮೆಲ್ಲಗೆ ಬಿಚ್ಚಿಕೊಂಡಂತೆ ಇದ್ದಿಲಿನ ರಾಶಿ ಒಂದು ಅಂಚಿನಿಂದ ಬಂಗಾರವಾಗುತ್ತ ಬಂತು. ಮಡಿಚಿಕೊಂಡಂತೆ ಮತ್ತೆ ಇದ್ದಿಲು. ಗ್ರಾಫಿಕ್ಸ್ ಇಲ್ಲ, ಕಟ್ ಇಲ್ಲ, ಒಂದೇ ಶಾಟ್, ನಲವತ್ತು ಸೆಕೆಂಡು. ನಾಯಕ ತನ್ನ ತಮ್ಮನ ಹೆಸರು ಹೇಳಿದಾಗ ಬಂಗಾರವಾಗುತ್ತದೆ. "ಬ್ಯಾಡ, ಬ್ಯಾಡ" ಅಂದಾಗ ಇದ್ದಿಲಾಗುತ್ತದೆ. ಏಳನೇ ಟೇಕಿಗೆ ಸಿಕ್ಕಿತು. ಚಾಪೆಯ ಮೇಲಿದ್ದ ಇನ್ನೂರು ಮಂದಿ ಅವತ್ತು ಉಸಿರೆತ್ತಲಿಲ್ಲ.

ಅದಾದ ಮೂರು ದಿನಕ್ಕೆ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಿತ್ತು ಕೊಚ್ಚಿಹೋಯಿತು. ನಮ್ಮ ತಂಡದಲ್ಲಿ ಅರ್ಧ ಮಂದಿ ನಾಟಿ ಮಾಡಿ ಬಂದವರು, ಕಾಲುವೆಯ ಕೊನೆ ಭಾಗದವರು. ಎರಡನೇ ಬೆಳೆಗಿರಲಿ, ಇದೇ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಯಾರಿಗೆ ಬೇಕು ಸಿನಿಮಾ? ಶೂಟಿಂಗ್ ನಿಲ್ಲಿಸಿದೆ. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂತ ಮೇಲೆ ಮತ್ತೆ ಸೇರಿದೆವು. "ನೀವು ಆ ಗುಂಡಿ ತೋಡಿದ್ದಕ್ಕೇ" ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದರು. ತಮಾಷೆಗೋ ನಿಜಕ್ಕೋ, ಈಗಲೂ ಗೊತ್ತಿಲ್ಲ.

ಶಬ್ದದ ಬಗ್ಗೆ ಎರಡು ಮಾತು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಸಮಾಧಿಗಳ ಹತ್ತಿರ ನಗಾರಿಯಂಥ ಒಂದು ಕಲ್ಲಿದೆ, ಬಡಿದರೆ ದೂರದವರೆಗೆ ಮೊಳಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಸಂರಕ್ಷಿತ ಜಾಗ, ಬಡಿಯುವ ಪ್ರಶ್ನೆಯಿಲ್ಲ. ನಮ್ಮ ಗುಡ್ಡದಲ್ಲೇ ಟೊಳ್ಳು ದನಿಯ ಗುಂಡೊಂದನ್ನು ಹುಡುಕಿ, ಮರದ ಕೊಡತಿಯಿಂದ ತಟ್ಟಿ ರೆಕಾರ್ಡ್ ಮಾಡಿ, ಅರ್ಧ ವೇಗಕ್ಕೆ ಇಳಿಸಿದೆವು. ಕೊಪ್ಪರಿಗೆ ನೆಲದೊಳಗೆ ಸರಿದಾಡುವ ಸದ್ದು ಅದು. ಹಿತ್ತಾಳೆ ನಾಣ್ಯ ಮಾತ್ರ ಕಿಣಿಕಿಣಿ ಅಂದು ಮಾನ ತೆಗೆಯಿತು. ಬಂಗಾರದ ಸದ್ದು ಅಷ್ಟು ತೆಳುವಲ್ಲ. ತಾಮ್ರದ ಕೊಡದಲ್ಲಿ ಹುಣಸೆಬೀಜ ಸುರಿದಾಗ ಬೇಕಾದ ಗಂಭೀರ ದನಿ ಸಿಕ್ಕಿತು. ಇನ್ನು ಎಲ್ಲಕ್ಕಿಂತ ಹೆದರಿಸುವ ಸದ್ದು ಪುಕ್ಕಟೆ: ಗದ್ದೆಯ ಕಪ್ಪೆಗಳು. ಮನುಷ್ಯ ಬದುವಿಗೆ ಕಾಲಿಟ್ಟರೆ ಅವು ಥಟ್ಟನೆ ನಿಲ್ಲಿಸುತ್ತವೆ. ಅಪಾಯ ಬರುವ ಪ್ರತಿ ದೃಶ್ಯದಲ್ಲಿ ಹಿನ್ನೆಲೆ ಸಂಗೀತ ಹಾಕದೆ ಕಪ್ಪೆಗಳನ್ನು ನಿಲ್ಲಿಸಿದೆ. ರಾತ್ರಿ ನೀರು ಕಟ್ಟುವ ತಾತ ಎರಡನೇ ಸಲ ನೋಡಿದಾಗ ಬೀಡಿ ಹಚ್ಚಲು ಮರೆತಿದ್ದರು.

ದುಡ್ಡಿನ ವಿಚಾರ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಎಪ್ಪತ್ನಾಲ್ಕು ನಿಮಿಷದ ಸಿನಿಮಾಕ್ಕೆ ಒಟ್ಟು ಖರ್ಚು ಏಳು ಲಕ್ಷ ನಲವತ್ತು ಸಾವಿರ. ಸ್ಟುಡಿಯೊದಿಂದ ಮೂರು ಲಕ್ಷ, ಇಬ್ಬರು ಗೆಳೆಯರಿಂದ ಎರಡು. ಉಳಿದದ್ದು ಹೆಂಡತಿಯ ನಾಲ್ಕು ತೊಲ ಬಂಗಾರ ಅಡವಿಟ್ಟು ತಂದದ್ದು. ಬ್ಯಾಂಕಿನ ಮೇಜಿನ ಮೇಲೆ ಆ ಸರವನ್ನು ತಕ್ಕಡಿಗೆ ಹಾಕಿ, 46 ಗ್ರಾಂ ಚಿಲ್ಲರೆ ಎಂದು ಬರೆದುಕೊಂಡರು. ನಮ್ಮ ಮದುವೆಯ ವಿಡಿಯೊದಲ್ಲಿ ಆ ಸರದ ಕ್ಲೋಸಪ್ ಇದೆ. ಎಡಿಟಿಂಗ್ ನಡೆಯುವಾಗ ಅವಳು ಒಂದು ರಾತ್ರಿ ಚಹಾ ಇಡಲು ಬಂದು, ಕಿರ್ದಿ ಪುಸ್ತಕದಲ್ಲಿ ನಾಯಕ ಹೆಸರು ಬರೆಯುವ ದೃಶ್ಯವನ್ನು ನಿಂತೇ ನೋಡಿದಳು.

"ಹೆಂಡತಿ ಹೆಸರು ಎಷ್ಟನೇದು ರೀ?"

"ಮೂರನೇದು."

"ತಮ್ಮನ ಹೆಸರು ಮೊದಲು ಬರದಾನ?"

"ಹೂಂ."

"ಮೊದಲು ನಂದೇ ಬರಿಬೇಕಾಗಿತ್ತು," ಎಂದು ಕಪ್ಪು ಇಟ್ಟು ಹೋದಳು.

ಮರುದಿನ ಆ ಶಾಟ್ ಮತ್ತೆ ತೆಗೆದೆ. ಬರೀ ಕೈ, ಲೇಖನಿ, ಹಾಳೆ. ಕೈ ನನ್ನದೇ. ಹೆಂಡತಿಯ ಹೆಸರು ಮೊದಲು.

ಸೆನ್ಸಾರಿನಿಂದ ಯುಎ 16+ ಬಂತು, ಎರಡು ಕಡೆ ಮಾತು ತೆಗೆಸಿದರು, ಹೇಳಿಕೊಳ್ಳುವಂಥದ್ದಲ್ಲ. ಸಿನಿಮಾದೊಳಗೆ ಒಬ್ಬ ಮಾಸ್ತರು 1878ರ ನಿಧಿ ಕಾಯ್ದೆಯನ್ನು ಓದಿ ಹೇಳುವ ದೃಶ್ಯವಿದೆ. ನೆಲದಲ್ಲಿ ಸಿಕ್ಕದ್ದರ ಬೆಲೆ ಹತ್ತು ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬುದು. ಅಲ್ಲಿ ಜನ ನಗುತ್ತಾರೆ, ನಗಲೆಂದೇ ಇಟ್ಟದ್ದು. ಹತ್ತು ರೂಪಾಯಿಗೆ ಈಗ ಒಂದು ಚಹಾ. ನಕ್ಕ ಮೇಲೆ ಮುಂದಿನ ದೃಶ್ಯ ಹೆಚ್ಚು ನಾಟುತ್ತದೆ ಎಂಬುದನ್ನು ಆ ಬೆಳದಿಂಗಳಿನ ಅವಮಾನದಿಂದಲೇ ಕಲಿತದ್ದು. ನಗು ಎಲ್ಲಿ ಬರಬೇಕೆಂದು ನಾವು ಹೇಳಬೇಕು, ಅಷ್ಟೇ.

ಮೊದಲ ಪ್ರದರ್ಶನ ಗಂಗಾವತಿಯಲ್ಲಿ, ಎರಡನೆಯದು ಶೂಟಿಂಗ್ ನಡೆದ ಊರಲ್ಲೇ. ಊರಿನದು ಮುಗಿದಾಗ ರಾತ್ರಿ ಹನ್ನೊಂದು. ಒಗ್ಗಾಣಿ ಮಿರ್ಚಿ ತಿಂದು ಎಲ್ಲರೂ ಚದುರಿದ ಮೇಲೆ ಗುಮಾಸ್ತರು ನನ್ನನ್ನು ಬದಿಗೆ ಕರೆದರು. ಮುಖ ಸಪ್ಪಗಿತ್ತು. ಪ್ರದರ್ಶನ ಮುಗಿದು ಇನ್ನೂ ಅರ್ಧ ತಾಸಾಗಿಲ್ಲ, ಮೂರು ಮಂದಿ ಬೇರೆಬೇರೆಯಾಗಿ ಬಂದು ಅವರ ಫೋನ್ ನಂಬರು ಕೇಳಿದ್ದರಂತೆ. ನಟನೆ ಚೆನ್ನಾಗಿದೆ ಅನ್ನಲಿಕ್ಕಲ್ಲ. "ನಮ್ಮ ಹೊಲದಾಗ ಹಿಂಗ ಒಂದು ಗುಂಡು ಐತಿ ರೀ ಅಜ್ಜಾರ, ಒಂದ್ಸಲ ಬಂದು ನೋಡ್ರಿ" ಎನ್ನಲು.

"ಇದು ಆಟ ಅಂತ ಹೇಳಿದ್ನಪ್ಪಾ. ಮಗ್ಗಿ ಅದು, ಸಾಲ್ಯಾಗ ಕಲ್ತಿದ್ದು ಅಂತ ಹೇಳಿದೆ. ಒಬ್ಬಾವ ನಗತಾನ. ನೀವು ಖರೇನ ತಿಳಿದವರು, ಅದಕ್ಕ ಮುಚ್ಚಿಡಾಕತ್ತೀರಿ ಅಂತಾನ. ಮುಂಗಡ ಅಂತ ಕೈಯಾಗ ರೊಕ್ಕ ಇಡಾಕ ಬಂದ."

"ಎಷ್ಟು?" ಎಂದು ಕೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು, ಕೇಳಿದವನು ನಾನು ಎಂದು.

ಗುಮಾಸ್ತರು ಉತ್ತರ ಕೊಡಲಿಲ್ಲ. ವಿಭೂತಿ ಇಲ್ಲದ ಬರೀ ಮುಖದಲ್ಲಿ ನನ್ನನ್ನೇ ನೋಡುತ್ತ ನಿಂತರು. ಆಚೆ ಗದ್ದೆಯಲ್ಲಿ ಕಪ್ಪೆಗಳು ಕೂಗುತ್ತಿದ್ದವು.